ಬೋಹ್ರಿ ಆಳಿಯಿಂದ ಸಂಕೇಶ್ವರಕ್ಕೆ

ಪುಣೆಯ ರವಿವಾರ ಪೇಠೆಯಲ್ಲಿ ಬೋಹ್ರಿ ಆಳಿ ಎಂಬ ಇಕ್ಕಟ್ಟಾದ ಓಣಿಯೊಂದಿದೆ. ಮರಾಠಿಯಲ್ಲಿ ಆಳಿ ಎಂದರೆ ಓಣಿಯೇ. ಮೊಳೆ, ತಿರುಪು, ಸರಪಳಿ, ಹಗ್ಗ, ಪ್ಲಾಸ್ಟಿಕ್ ಹಾಳೆ ಹೀಗೆ ಮನೆಗೂ ಅಂಗಡಿಗೂ ಗಾಡಿಗೂ ಬೇಕಾದ ಸಾಮಾನುಗಳೆಲ್ಲ ಇಲ್ಲಿ ಸಿಗುತ್ತವೆ. ಮೇ ತಿಂಗಳ ಕೊನೆಯಲ್ಲಿ ಈ ಓಣಿಗೆ ಹೋದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ತಾಡಪತ್ರಿ. ಸೋರುವ ಮಾಳಿಗೆಯವರು, ರಸ್ತೆ ಬದಿಯಲ್ಲಿ ತರಕಾರಿ ಮಾರುವವರು, ಟೆಂಪೋ ಓಡಿಸುವವರು, ಎಲ್ಲರಿಗೂ ಮಳೆ ಬೀಳುವ ಮೊದಲೇ ಅದು ಬೇಕು.

ನಮ್ಮ ಸಂಘದ ಯುವಮಿತ್ರರಿಗೆ ಈ ಶಬ್ದ ಮರಾಠಿಯದೆಂದು ಅನಿಸಬಹುದು. ಬೆಳಗಾವಿ, ವಿಜಯಪುರ, ಧಾರವಾಡದ ಕಡೆ ಕನ್ನಡದಲ್ಲೂ ಇದೇ ಮಾತು. ಬೆಂಗಳೂರು, ಮೈಸೂರಿನ ಕಡೆಯವರು ಟಾರ್ಪಾಲು ಎನ್ನುತ್ತಾರೆ. ತಾಡಪತ್ರಿ ಎಂದೊಡನೆ ತಾಳೆಯ ಗರಿ ಕಣ್ಣ ಮುಂದೆ ಬರುತ್ತದೆ. ಆದರೆ ಇದು ಇಂಗ್ಲಿಷಿನ ಟಾರ್ಪಾಲಿನ್ ಶಬ್ದವು ನಮ್ಮ ಜನರ ನಾಲಿಗೆಯ ಮೇಲೆ ಹೊರಳಿ ಪಡೆದ ರೂಪ. ಹಿಂದೆ ಹಡಗಿನವರು ದಪ್ಪ ಬಟ್ಟೆಗೆ ಡಾಂಬರು ಬಳಿದು ಸರಕಿನ ಮೇಲೆ ಹೊದಿಸುತ್ತಿದ್ದರು. ಹೆಸರಿನಲ್ಲಿರುವ ಟಾರ್ ಎಂಬುದು ಆ ಡಾಂಬರೇ. ನಮ್ಮ ಮಲೆನಾಡಿನಲ್ಲಿ ಮಳೆಗೆ ಎಲೆಯ ಗೊರಬು ಇತ್ತು, ಕಂಬಳಿಯ ಕೊಪ್ಪೆ ಇತ್ತು. ಮನುಷ್ಯನ ಬೆನ್ನಿಗೆ ಗೊರಬು ಹೇಗೋ ಗಾಡಿಯ ಬೆನ್ನಿಗೆ ತಾಡಪತ್ರಿ ಹಾಗೆ.

ಈ ಓಣಿಗೆ ನಾನು ಹೋದದ್ದು 2024ರ ಮೇ ಕೊನೆಯಲ್ಲಿ, ನನ್ನ ತಂಗಿಯ ಮಗನ ಜೊತೆ. ಅವನು ಪುಣೆಯಲ್ಲೇ ಹುಟ್ಟಿದವನು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ. ಪದವಿ ಮುಗಿಸಿ ಎರಡು ವರ್ಷ ಕಚೇರಿಯೊಂದರಲ್ಲಿ ದುಡಿದು, ಬ್ಯಾಂಕಿನ ಸಾಲದಲ್ಲಿ ಒಂದು ಬೊಲೆರೊ ಪಿಕಪ್ ಗಾಡಿ ಕೊಂಡಿದ್ದ. ಅಪ್ಪಾ ಬಳವಂತ ಚೌಕದ ಪುಸ್ತಕದ ಪೇಟೆಯಿಂದ ನೋಟುಬುಕ್ಕು, ಶಾಲೆಯ ಚೀಲ, ಕಂಪಾಸು ಪೆಟ್ಟಿಗೆಗಳನ್ನು ತುಂಬಿಕೊಂಡು ಸಂಕೇಶ್ವರ, ಗೋಕಾಕದ ಅಂಗಡಿಗಳಿಗೆ ಮುಟ್ಟಿಸುವುದು ಅವನ ಮುಖ್ಯ ಕಸುಬು. ಕರ್ನಾಟಕದಲ್ಲಿ ಶಾಲೆ ತೆರೆಯುವುದು ಮೇ ಕೊನೆಗೆ, ಮಹಾರಾಷ್ಟ್ರದಲ್ಲಿ ಜೂನ್ ಮಧ್ಯಕ್ಕೆ. ನೋಟುಬುಕ್ಕಿನ ಸುಗ್ಗಿಯೂ ಮುಂಗಾರೂ ಒಂದೇ ವೇಳೆಗೆ ಬರುತ್ತವೆ. ಹೀಗಾಗಿ ಇವನ ವರ್ಷದ ಗಳಿಕೆಯ ದೊಡ್ಡ ಪಾಲು ಬರುವುದು ಮಳೆಯಲ್ಲಿ ಕಾಗದ ಸಾಗಿಸುವುದರಿಂದ!

ಹಿಂದಿನ ವರ್ಷ ಹನ್ನೊಂದು ಪೆಟ್ಟಿಗೆ ನೋಟುಬುಕ್ಕು ಒದ್ದೆಯಾಗಿದ್ದವು. ಅಂಗಡಿಯವರು ಪೆಟ್ಟಿಗೆ ಬಿಚ್ಚಿ ನೋಡಿ ಹಿಂದಕ್ಕೆ ಕಳುಹಿಸಿದರು. ಆ ಸಲದ ಬಾಡಿಗೆ ಹೋಯಿತು. ಪುಸ್ತಕದ ಬೆಲೆಯೂ ಇವನ ತಲೆಗೇ ಬಂತು. ಆ ತಿಂಗಳ ಸಾಲದ ಕಂತು ಕಟ್ಟಲು ನನ್ನ ತಂಗಿ ತನ್ನ ಬಳೆ ಅಡವಿಟ್ಟಳು. ಇನ್ನೊಂದು ಮಳೆಗಾಲ ಹಾಗೇ ಕಳೆದರೆ ಗಾಡಿ ಮಾರುವುದೊಂದೇ ದಾರಿ ಎಂದು ಮನೆಯಲ್ಲಿ ಮಾತಾಗಿತ್ತು. ಆದ್ದರಿಂದ ಈ ತಾಡಪತ್ರಿಯ ಖರೀದಿ ನಮಗೆ ಸಣ್ಣ ವಿಷಯವಾಗಿರಲಿಲ್ಲ.

ಪಿಕಪ್ಪಿನ ಹಿಂಭಾಗವನ್ನು ಮುಚ್ಚಲು ಹಲವು ಬಗೆಗಳಿವೆ. ಅಮೆರಿಕದಲ್ಲಿರುವ ನಮ್ಮ ನೆಂಟರ ಮಕ್ಕಳು ಕಳುಹಿಸುವ ಫೋಟೋಗಳಲ್ಲಿ ಇಂಥ ಗಾಡಿಗಳ ಮೇಲೆ ಚಪ್ಪಟೆಯಾದ ಮುಚ್ಚಳ ಕಾಣುತ್ತದೆ. ಅದಕ್ಕೆ ಅಲ್ಲಿ ಟಾನೋ ಕವರ್ ಎನ್ನುತ್ತಾರೆ. ಚಾಪೆಯಂತೆ ಸುತ್ತುವಂಥದು, ಮೂರು ಮಡಿಕೆಯಾಗಿ ಮಡಚುವಂಥದು, ಬೀಗ ಹಾಕುವ ಗಟ್ಟಿ ಹಲಗೆಯದು, ಹೀಗೆ ನಾನಾ ತರಹ. ಅಲ್ಲಿ ಪಿಕಪ್ಪು ಎಷ್ಟೋ ಮಂದಿಗೆ ಮನೆಯ ಗಾಡಿ. ಪೇಟೆಯ ಸಾಮಾನು, ಉಪಕರಣದ ಪೆಟ್ಟಿಗೆ, ಪ್ರವಾಸದ ಚೀಲ ಇವು ಅಂಚಿನ ಕೆಳಗೇ ಉಳಿಯುತ್ತವೆ. ಕಳ್ಳರಿಂದಲೂ ಮಳೆಯಿಂದಲೂ ಕಾಯಲು ಅಷ್ಟು ಸಾಕು. ನಮ್ಮ ದೇಶದಲ್ಲಿ ಪಿಕಪ್ಪು ಹೆಚ್ಚಾಗಿ ದುಡಿಯುವ ಗಾಡಿ. ಸರಕು ಅಂಚು ಮೀರಿ ಮೇಲೇರುತ್ತದೆ. ಅಂಚಿನ ಮಟ್ಟಕ್ಕೆ ಕೂರುವ ಮುಚ್ಚಳ ಇಲ್ಲಿ ಸರಕಿನ ಮೊದಲ ಸಾಲಿಗೇ ತೊಡಕಾಗುತ್ತದೆ.

ಎರಡನೆಯದು ತಗಡಿನ ಪೆಟ್ಟಿಗೆ. ಔಷಧ, ಬೇಕರಿ ಸಾಮಾನು ಸಾಗಿಸುವವರು ಇದನ್ನು ಕಟ್ಟಿಸುತ್ತಾರೆ. ಮಳೆಯ ಭಯವಿಲ್ಲ, ಬೀಗ ಹಾಕಬಹುದು. ಆದರೆ ಪೆಟ್ಟಿಗೆಯ ತೂಕದಷ್ಟು ಸರಕು ಕಡಿಮೆಯಾಯಿತು. ಬಾಗಿಲಿನಿಂದಲೇ ತುಂಬಬೇಕು, ಬಾಗಿಲಿನಿಂದಲೇ ಇಳಿಸಬೇಕು. ವಾಹನದ ಮೂಲ ರೂಪ ಬದಲಿಸುವ ಇಂಥ ಕೆಲಸಕ್ಕೆ ಆರ್‌ಟಿಓ ಕಚೇರಿಯ ಒಪ್ಪಿಗೆಯೂ ಬೇಕು.

ಮೂರನೆಯದು ಕಬ್ಬಿಣದ ಕೊಳವೆಯ ಕಮಾನುಗಳನ್ನು ನಿಲ್ಲಿಸಿ, ಅಳತೆಗೆ ಹೊಲಿಸಿದ ಹೊದಿಕೆ. ಎತ್ತಿನ ಗಾಡಿಯ ಸವಾರಿಯಂತೆ ಕಾಣುವ ಇದು ಚೆಂದವೂ ಹೌದು, ನೀರು ನಿಲ್ಲದಂತೆ ಇಳಿಜಾರೂ ಹೌದು. ದಿನವೂ ಒಂದೇ ಬಗೆಯ ಸರಕು ಒಯ್ಯುವವರಿಗೆ ಇದು ಒಳ್ಳೆಯದು. ನಮ್ಮ ಹುಡುಗನಿಗೆ ಹೋಗುವಾಗ ಪುಸ್ತಕ, ಬರುವಾಗ ಹಸಿಮೆಣಸಿನಕಾಯಿ. ಒಮ್ಮೊಮ್ಮೆ ಮನೆ ಬದಲಿಸುವವರ ಕಪಾಟು, ಮಂಚ. ಕಮಾನು ನಿಂತಲ್ಲಿ ಮಂಚ ನಿಲ್ಲುವುದಿಲ್ಲ.

ಉಳಿದದ್ದು ಬಿಡಿ ತಾಡಪತ್ರಿ. ಅದರಲ್ಲೂ ಮೂರು ಜಾತಿ. ಹತ್ತಿಯ ಕ್ಯಾನ್ವಾಸಿಗೆ ಗಾಳಿಯಾಡುವ ಗುಣವಿದೆ, ಆದರೆ ನೆನೆದರೆ ಭಾರವಾಗುತ್ತದೆ. ಒಣಗಿಸದೆ ಮಡಚಿಟ್ಟರೆ ಬೂಜು ಹಿಡಿಯುತ್ತದೆ. ಪಿವಿಸಿ ಲೇಪದ ಹೊದಿಕೆ ಬಲು ಗಟ್ಟಿ. ದೊಡ್ಡ ಲಾರಿಗಳವರು ಅದನ್ನು ಮೆಚ್ಚುತ್ತಾರೆ. ಪ್ಲಾಸ್ಟಿಕ್ ಪಟ್ಟಿಗಳನ್ನು ಬಟ್ಟೆಯಂತೆ ನೇಯ್ದು, ಎರಡೂ ಕಡೆ ಪದರ ಹಚ್ಚಿದ ಎಚ್‌ಡಿಪಿಇ ಹಾಳೆ ಇವೆರಡಕ್ಕಿಂತ ಹಗುರ.

ಅಂಗಡಿಯಲ್ಲಿ ಎಲ್ಲರೂ ಜಿ.ಎಸ್.ಎಂ. ಎಂಬ ಲೆಕ್ಕ ಹೇಳುತ್ತಾರೆ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಅದು. ನಮಗೆ ಬೇಕಾದ ಅಳತೆಯನ್ನು ಹೀಗೆ ಹಾಕಿದೆವು. ಗಾಡಿಯ ಬಾಡಿ ಸುಮಾರು ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲ. ಸುತ್ತಲಿನ ಹಲಗೆ ಒಂದೂವರೆ ಅಡಿ ಎತ್ತರ. ಸರಕು ಮೂರೂವರೆ ಅಡಿ ಏರುತ್ತದೆಂದರೆ ಹಲಗೆಯ ಮೇಲೆ ಎರಡು ಅಡಿ. ಹೊದಿಕೆ ಹಲಗೆಯಿಂದ ಇನ್ನೂ ಒಂದು ಅಡಿ ಕೆಳಗಿಳಿಯಬೇಕು. ಅಂದರೆ ಪ್ರತಿ ಬದಿಗೆ ಮೂರು ಅಡಿ ಕೂಡಿಸಿ ಅಗಲ ಹನ್ನೊಂದೂವರೆ ಅಡಿ, ಉದ್ದ ಹದಿನೈದು ಅಡಿ. ಮೂಲೆಗಳಲ್ಲಿ ಮಡಿಕೆ ಹಾಕಲು ತುಸು ಹೆಚ್ಚು ಬೇಕು. ಹೀಗೆ 12 ಅಡಿಗೆ 18 ಅಡಿ ಎಂದು ಗೊತ್ತಾಯಿತು.

12 ಅಡಿಗೆ 18 ಅಡಿ ಎಂದರೆ ಸುಮಾರು 20 ಚದರ ಮೀಟರ್. 200 ಜಿ.ಎಸ್.ಎಂ. ಹಾಳೆಯಾದರೆ ತೂಕ 4 ಕಿಲೋ, 600 ಜಿ.ಎಸ್.ಎಂ. ಪಿವಿಸಿಯಾದರೆ 12 ಕಿಲೋ. ಈ ಲೆಕ್ಕ ಗೊತ್ತಿದ್ದರೆ ಅಂಗಡಿಯಲ್ಲಿ ಮೋಸ ಹೋಗುವ ಪ್ರಮೇಯವಿಲ್ಲ. ಚೀಟಿಯ ಮೇಲೆ 200 ಎಂದು ಬರೆದಿರುವ ಹಾಳೆ ತಕ್ಕಡಿಯಲ್ಲಿ ಎರಡೂವರೆ ಕಿಲೋ ತೂಗಿದರೆ ಚೀಟಿ ಸುಳ್ಳು. ಬಣ್ಣ ನೋಡಿ ಗಟ್ಟಿತನ ಅಳೆಯುವುದೂ ಸಲ್ಲದು.

ನಾನು ಗಟ್ಟಿಯದರ ಕಡೆಗೆ ವಾಲಿದ್ದೆ. ಹುಡುಗ ಪಿವಿಸಿಯ ಮಡಿಕೆಯನ್ನು ಹೆಗಲ ಮೇಲೆ ಎತ್ತಿ ನೋಡಿ ಕೆಳಗಿಟ್ಟ.

“ಮಾಮಾ, ಇದು ಭಾಳ ಜಡ ಐತಿ. ರಾತ್ರಿ ಮಳ್ಯಾಗ ಒಬ್ಬನ ಗಾಡಿ ಮ್ಯಾಲ ಹತ್ತಿ ಇದನ್ನ ಹೊಚ್ಚೂದು ನನ್ನಿಂದ ಆಗೂದಿಲ್ಲ.”

ಲಾರಿಗೆ ಕ್ಲೀನರ್ ಇರುತ್ತಾನೆ, ಇವನಿಗೆ ಇಲ್ಲ. ಒಬ್ಬನಿಂದ ಎತ್ತಲಾಗದ ಹೊದಿಕೆ ಸೀಟಿನ ಹಿಂದೆ ಮಡಚಿಕೊಂಡೇ ಇರುತ್ತದೆ. ಮಳೆ ಬಂದೀತೋ ಇಲ್ಲವೋ ಎಂದು ಚಾಲಕ ಆಕಾಶ ನೋಡುತ್ತ ಹೋಗುತ್ತಾನೆ. ಹೊಚ್ಚುವ ಮನಸ್ಸು ಬರುವ ಹೊತ್ತಿಗೆ ಸರಕು ನೆನೆದಿರುತ್ತದೆ. ಹಿಂದಿನ ವರ್ಷ ಬಂದ ನಷ್ಟದ ಮೂಲವೂ ಇದೇ: ಯಾರಿಂದಲೋ ಎರವಲು ತಂದ ಹಳೆಯ ಭಾರಿ ಹೊದಿಕೆ, ಒಬ್ಬನೇ ಎಳೆದು ಬಿಗಿಯಲಾಗದೆ ನಡುವೆ ಜೋತುಬಿದ್ದು, ಅಲ್ಲಿ ನೀರು ನಿಂತಿತ್ತು. ಒಂದು ಮೀಟರ್ ಉದ್ದಗಲದ ತಗ್ಗಿನಲ್ಲಿ ಐದು ಸೆಂಟಿಮೀಟರ್ ನೀರು ನಿಂತರೆ ಅದು 50 ಲೀಟರ್, ಅಂದರೆ 50 ಕಿಲೋ ಭಾರ. ಆ ಭಾರಕ್ಕೆ ಹೊಲಿಗೆ ಬಿಚ್ಚಿಕೊಂಡಿತ್ತು. ನಾನು ವಾದ ಬಿಟ್ಟೆ. 200 ಜಿ.ಎಸ್.ಎಂ. ಹಾಳೆ, ಅಂಚಿಗೆ ಹಗ್ಗ ಸೇರಿಸಿ ಮಡಚಿದ್ದು, ಲೋಹದ ಕಣ್ಣುಗಳು ಹತ್ತಿರ ಹತ್ತಿರ ಇರುವಂಥದು, ಬಿಸಿಲಿಗೆ ಬೇಗ ಪುಡಿಯಾಗದಂತೆ ಯುವಿ ರಕ್ಷಣೆ ಇರುವಂಥದು ಆರಿಸಿ ತಂದೆವು. ಜೊತೆಗೆ ನೈಲಾನ್ ಹಗ್ಗ.

ಜೂನ್ ಎರಡನೆಯ ವಾರ ಒಂದು ಸಂಜೆ ಅವನ ಜೊತೆ ನಾನೂ ಹೊರಟೆ. ಪುಣೆಯಿಂದ ಸಂಕೇಶ್ವರಕ್ಕೆ ಹೆಚ್ಚುಕಡಿಮೆ 300 ಕಿಲೋಮೀಟರು. ನಾವೆಲ್ಲ ಎನ್‌ಎಚ್ 4 ಎಂದು ಕರೆಯುತ್ತ ಬಂದ ಈ ಹೆದ್ದಾರಿಗೆ 2010ರಲ್ಲಿ 48 ಎಂಬ ಹೊಸ ಸಂಖ್ಯೆ ಬಂತು. ಕೆಳಗೆ ನೋಟುಬುಕ್ಕಿನ ಪೆಟ್ಟಿಗೆಗಳು, ಮೇಲೆ ಶಾಲಾ ಚೀಲಗಳ ಗಂಟುಗಳು. ಗಂಟುಗಳನ್ನು ನಡುವೆ ಎತ್ತರವಾಗಿ, ಅಂಚಿಗೆ ತಗ್ಗಾಗಿ ಒಟ್ಟಿದ್ದೆವು, ಹೆಂಚಿನ ಮನೆಯ ಮಾಡಿನಂತೆ. ನೀರು ಬಿದ್ದರೆ ಜಾರಿ ಹೋಗಬೇಕು. ಮಳೆಯಿಲ್ಲದಿದ್ದರೂ ಪುಣೆಯಲ್ಲೇ ಹೊದಿಸಿ ಕಟ್ಟಿದೆವು. ಕಾಗದದ ಸರಕಿಗೆ ಆಕಾಶವನ್ನು ಕೇಳುವುದು ಬೇಡ.

ಕಾತ್ರಜದ ಸುರಂಗ ದಾಟಿ, ಖೇಡ ಶಿವಾಪುರದ ಟೋಲು ಕಳೆದು, ನೀರಾ ನದಿ ಬಂತು. ಇಲ್ಲಿಗೆ ಪುಣೆ ಜಿಲ್ಲೆ ಮುಗಿದು ಸಾತಾರಾ ಜಿಲ್ಲೆ ಶುರು. ಮುಂದೆ ಖಂಬಾಟಕಿ ಘಾಟಿನ ತಿರುವುಗಳು. ತಿರುವಿಗೊಮ್ಮೆ ಸರಕು ಒಂದಿಷ್ಟು ಕೂರುತ್ತದೆ. ಸರಕು ಕೂತಷ್ಟು ಹಗ್ಗ ಸಡಿಲವಾಗುತ್ತದೆ. ಹೊರಡುವಾಗ ವೀಣೆಯ ತಂತಿಯಂತಿದ್ದ ಹಗ್ಗ ಸಾತಾರಾ ಬರುವ ಹೊತ್ತಿಗೆ ಬಟ್ಟೆ ಒಣಹಾಕುವ ಹಗ್ಗವಾಗಿತ್ತು. ಹಿಂದಿನಿಂದ ಪಟಪಟ ಸದ್ದು ಕೇಳಿಸತೊಡಗಿತು.

ಕೃಷ್ಣೆ, ಕೊಯ್ನೆ ಕೂಡುವ ಕರಾಡದ ಹತ್ತಿರ ಒಂದು ಢಾಬಾ. ಈ ಕರಾಡವೇ ಹಳೆಯ ಶಾಸನಗಳಲ್ಲಿ ಬರುವ ಕರಹಾಟ. ಊಟಕ್ಕೆ ನಿಂತಾಗ ಪಕ್ಕದಲ್ಲಿ ಹುಕ್ಕೇರಿ ಕಡೆಯ ಲಾರಿಯೊಂದು ನಿಂತಿತ್ತು. ನಮ್ಮ ಕನ್ನಡ ಕಿವಿಗೆ ಬಿದ್ದದ್ದೇ ಅದರ ಚಾಲಕ ಚಹಾದ ಕಪ್ಪು ಹಿಡಿದು ನಮ್ಮ ಗಾಡಿಯ ಬಳಿ ಬಂದ. ಅರವತ್ತು ದಾಟಿದ ಹಿರಿಯ. ಹೊದಿಕೆಯ ಮೇಲೆ ಕೈಯಾಡಿಸಿ ನೋಡಿದ.

“ತಮ್ಮಾ, ಮಾಲು ಚಲೋ ಐತಿ. ಆದರ ದಾರ್ಯಾಗ ಇದು ಮಾತಾಡಾಕ ಹತ್ತಿತ್ತೇನು?”

“ಹೌದ್ರಿ ಕಾಕಾ, ಸಾತಾರಾದಿಂದ ಪಟಪಟ ಅನ್ನಾಕತ್ತೈತಿ.”

“ತಾಡಪತ್ರಿ ಮಾತಾಡಬಾರದಪಾ. ಮಾತಾಡಾಕ ಹತ್ತಿತಂದ್ರ ಗಾಡಿ ನಿಂದ್ರಸಬೇಕು. ಇಲ್ಲಂದ್ರ ಊರು ಮುಟ್ಟೂದ್ರಾಗ ಕಣ್ಣು ಕಿತ್ತು ಹೋಗತಾವ.”

ನಮ್ಮ ಹುಡುಗ ಹಗ್ಗ ಬಿಚ್ಚಲು ಹೋದ. ಪುಣೆಯಲ್ಲಿ ಹಾಕಿದ್ದ ಗಂಟು ಎಳೆದಷ್ಟೂ ಬಿಗಿಯಾಯಿತು. ಹಿರಿಯರು ನಕ್ಕರು. “ಇದ ಬ್ರಹ್ಮಗಂಟು. ಮದುವಿಗೆ ಹಾಕೂದು, ಗಾಡಿಗೆ ಹಾಕೂದಲ್ಲ.” ಕೊನೆಗೆ ಆ ಗಂಟನ್ನು ಅವರೇ ಬಿಡಿಸಿ, ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಕೆಳಗಿನ ಕೊಂಡಿಗೆ ಸುತ್ತಿ ತಂದು ಆ ಕುಣಿಕೆಯೊಳಗೆ ತೂರಿಸಿ ಕೆಳಕ್ಕೆ ಎಳೆದು ತೋರಿಸಿದರು. ಗಡಗಡೆಯಂತೆ ಕೆಲಸ ಮಾಡುವ ಉಪಾಯ ಅದು. ಒಬ್ಬನ ಕೈಯ ಬಲ ಇಬ್ಬರ ಬಲದಂತಾಗುತ್ತದೆ. ಕೊನೆಯಲ್ಲಿ ಜಾರುಗಂಟು, ತುದಿ ಹಿಡಿದು ಎಳೆದರೆ ಒಂದೇ ಸಲಕ್ಕೆ ಬಿಚ್ಚುತ್ತದೆ.

ಇನ್ನೂ ನಾಲ್ಕು ಮಾತು ಹೇಳಿದರು. ಮೊದಲು ಮುಂದಿನ ಅಂಚು ಕಟ್ಟಬೇಕು, ಆಮೇಲೆ ಬದಿ, ಕೊನೆಗೆ ಹಿಂದೆ. ಮುಂದಿನಿಂದ ಗಾಳಿ ಹೊಕ್ಕರೆ ಹೊದಿಕೆ ಹಡಗಿನ ಪಟವಾಗುತ್ತದೆ. ಎರಡು ಹಾಳೆ ಹೊಚ್ಚುವುದಿದ್ದರೆ ಮುಂದಿನದು ಮೇಲೆ, ಹಿಂದಿನದು ಕೆಳಗೆ. ಪೆಟ್ಟಿಗೆಯ ಚೂಪು ಮೂಲೆ ತಾಗುವಲ್ಲಿ ಹಳೆಯ ಟೈರಿನ ಟ್ಯೂಬಿನ ತುಂಡು ಇಡಬೇಕು. ಹಿಂದಿನ ಅಂಚು ಫಾಳಕಾದ ಮೇಲೆ ಇಳಿಬಿದ್ದು ಕೆಂಪು ದೀಪವನ್ನೂ ನಂಬರು ಫಲಕವನ್ನೂ ಮುಚ್ಚಬಾರದು. ಮಳೆಯ ರಾತ್ರಿ ಹಿಂದಿನ ಗಾಡಿಯವನಿಗೆ ಕಾಣುವುದು ಆ ದೀಪವೊಂದೇ. ಫಾಳಕಾ ಎಂದರೆ ಹಿಂಬದಿಯಲ್ಲಿ ಕೆಳಗೆ ಮಡಚುವ ಹಲಗೆ. ಗಡಿಯ ಎರಡೂ ಕಡೆಯ ಚಾಲಕರ ಬಾಯಲ್ಲಿರುವ ಮಾತು ಅದು.

ಅವರು ಹೊರಟುಹೋದ ಮೇಲೆ ಹುಡುಗ ಎಲ್ಲ ಹಗ್ಗಗಳನ್ನೂ ಬಿಚ್ಚಿ ತಾನೊಬ್ಬನೇ ಮತ್ತೆ ಕಟ್ಟಿದ. ನನ್ನನ್ನು ಮುಟ್ಟಗೊಡಲಿಲ್ಲ. ನಾನು ಗಡಿಯಾರ ಹಿಡಿದು ನಿಂತೆ. ಮೊದಲ ಸಲ ಹದಿನಾಲ್ಕು ನಿಮಿಷ. ಬಿಚ್ಚಿ ಇನ್ನೊಮ್ಮೆ ಕಟ್ಟಿದಾಗ ಎಂಟು ನಿಮಿಷ.

ಪೇಠ ನಾಕಾ ದಾಟಿದ ಮೇಲೆ ಮಳೆ ಹಿಡಿಯಿತು. ಕಿಣಿಯ ಟೋಲಿನ ಹತ್ತಿರ ಗಾಜು ಒರೆಸುವ ಕಡ್ಡಿ ಸೋತುಹೋಗುವಷ್ಟು ಜೋರು. ಅಲ್ಲಿಂದ ಶಿರೋಲಿಗೆ ಬಂದೆವು. 2019ರ ಆಗಸ್ಟಿನಲ್ಲಿ ಪಂಚಗಂಗೆಯ ಮಹಾಪೂರ ಬಂದು ಇಲ್ಲಿ ಹೆದ್ದಾರಿಯೇ ನೀರಿನಡಿ ಹೋಗಿ, ದಿನಗಟ್ಟಲೆ ಲಾರಿಗಳ ಸಾಲು ನಿಂತಿತ್ತು. ಅಂಥ ವೇಳೆಯಲ್ಲಿ ತಾಡಪತ್ರಿ ಚಾಲಕನಿಗೆ ಮನೆಯ ಮಾಡೂ ಆಗುತ್ತದೆ. ಹುಡುಗ ಮಾತಿಲ್ಲದೆ ಓಡಿಸುತ್ತಿದ್ದ. ಅವನ ಕಣ್ಣು ರಸ್ತೆಯ ಮೇಲಿದ್ದರೂ ಕಿವಿ ಹಿಂದಿತ್ತು. ಪಟಪಟ ಸದ್ದಿಲ್ಲ. ಮಳೆಯ ಹನಿಗಳು ಬಿಗಿಯಾದ ಹಾಳೆಯ ಮೇಲೆ ಹಲಗೆ ಬಾರಿಸಿದಂತೆ ಬೀಳುತ್ತಿದ್ದವು.

ಕಾಗಲ ಕಳೆದು, ದೂಧಗಂಗೆ ದಾಟಿ, ಕೊಗನೊಳ್ಳಿಯಲ್ಲಿ ಕರ್ನಾಟಕ ಪ್ರವೇಶ. ಕತ್ತಲಲ್ಲಿ ದೀಪದ ಬೆಳಕಿಗೆ ಕನ್ನಡದ ಫಲಕಗಳು ಒಂದೊಂದಾಗಿ ಕಾಣತೊಡಗಿದವು. ಹುಡುಗ ಕನ್ನಡ ಓದಲು ಕಲಿತದ್ದು ನಮ್ಮ ಸಂಘದ ರವಿವಾರದ ತರಗತಿಯಲ್ಲಲ್ಲ, ಈ ಫಲಕಗಳಲ್ಲಿ. ನಿಪ್ಪಾಣಿ, ಸಂಕೇಶ್ವರ, ಹುಕ್ಕೇರಿ ಎಂದು ಒಂದೊಂದೇ ಅಕ್ಷರ ಕೂಡಿಸಿ ಓದುತ್ತ ಬಂದವನು ಈಗ ಅಂಗಡಿಯ ಬಿಲ್ಲು ತಾನೇ ಓದುತ್ತಾನೆ.

ನಿಪ್ಪಾಣಿ ದಾಟಿದ ಮೇಲೆ ತವಂದಿ ಘಾಟು. ಜೈನರ ಪುಣ್ಯಕ್ಷೇತ್ರ ಸ್ತವನಿಧಿ ಇರುವುದು ಇಲ್ಲೇ. ನಸುಕಿನಲ್ಲಿ ಗುಡ್ಡದ ಮೇಲೆ ಮೋಡ ಕುಳಿತಿತ್ತು. ಮಳೆ ಸಣ್ಣದಾಗಿತ್ತು. ಘಾಟು ಏರುವ ಮೊದಲು ಗಾಡಿ ನಿಲ್ಲಿಸಿ, ಹುಡುಗ ಇಳಿದು ಹಗ್ಗಗಳನ್ನು ಮುಟ್ಟಿ ನೋಡಿ, ಎರಡನ್ನು ಬಿಗಿದು ಬಂದ. ತಲೆಯಿಂದ ನೀರು ಇಳಿಯುತ್ತಿತ್ತು. “ಐದು ನಿಮಿಷ ಮಾಮಾ” ಎಂದ. ಅಷ್ಟೇ ಮಾತು.

ಹಿರಣ್ಯಕೇಶಿಯ ದಂಡೆಯ ಸಂಕೇಶ್ವರ ಮುಟ್ಟಿದಾಗ ಅಂಗಡಿ ಇನ್ನೂ ತೆರೆದಿರಲಿಲ್ಲ. ಎಂಟಕ್ಕೆ ಅಂಗಡಿಯ ಯಜಮಾನರು ಬಂದರು. ಹಿಂದಿನ ವರ್ಷ ಮಾಲು ಹಿಂದಕ್ಕೆ ಕಳುಹಿಸಿದವರೂ ಅವರೇ. ಹುಡುಗ ಹಗ್ಗದ ತುದಿ ಎಳೆದ. ಗಂಟು ಬಿಚ್ಚಿತು. ಹೊದಿಕೆಯ ನೀರನ್ನು ಒಂದು ಬದಿಗೆ ಚೆಲ್ಲಿ ಮಡಚಿದ. ಯಜಮಾನರು ಕೆಳಗಿನ ಸಾಲಿನಿಂದ ತಾವೇ ಆರಿಸಿ ನಾಲ್ಕು ಪೆಟ್ಟಿಗೆ ಬಿಚ್ಚಿಸಿದರು. ಒಂದು ನೋಟುಬುಕ್ಕು ತೆಗೆದು ಹಾಳೆಗಳನ್ನು ಬೆರಳಿನಿಂದ ಸರ್ರನೆ ಬಿಟ್ಟು ನೋಡಿದರು. ಒಣಗಿದ ಹಾಳೆಯ ಸದ್ದು ಎಷ್ಟು ಇಂಪಾಗಿರುತ್ತದೆಂದು ನನಗೆ ಅಂದು ತಿಳಿಯಿತು. “ಇಳಸ್ರಿ” ಎಂದಷ್ಟೇ ಹೇಳಿ ಚಹಾ ತರಿಸಿದರು. ಬಾಡಿಗೆ ಪೂರ್ತಿ ಕೈಗೆ ಬಂತು. ಮುಂದಿನ ವಾರದ ಮಾಲೂ ಗೊತ್ತಾಯಿತು.

ಮರಳುವಾಗ ಹಸಿಮೆಣಸಿನಕಾಯಿ ತುಂಬಿದೆವು. ಇದರ ಧರ್ಮವೇ ಬೇರೆ. ಪುಸ್ತಕಕ್ಕೆ ಗಾಳಿ ಬೇಡ, ಕಾಯಿಪಲ್ಲೆಗೆ ಗಾಳಿ ಬೇಕು. ಬಿಸಿಲಿನಲ್ಲಿ ಪ್ಲಾಸ್ಟಿಕ್ ಹಾಳೆ ಬಿಗಿದು ಮುಚ್ಚಿದರೆ ಒಳಗಿನ ಹಬೆ ನೀರಾಗಿ ಮೇಲಿಂದ ಹನಿಯುತ್ತದೆ, ಕಾಯಿ ಕೊಳೆಯುತ್ತದೆ. ಆದ್ದರಿಂದ ಬದಿಗಳನ್ನು ಮೇಲಕ್ಕೆ ಮಡಚಿ, ಮೇಲ್ಭಾಗವನ್ನಷ್ಟೇ ಮುಚ್ಚಿ ಕಟ್ಟಿದೆವು. ಮಳೆ ಬಂದಲ್ಲಿ ಬದಿ ಇಳಿಸಬೇಕು, ನಿಂತಲ್ಲಿ ಏರಿಸಬೇಕು. ನಾಲ್ಕು ಕಿಲೋದ ಹಾಳೆ, ಜಾರುಗಂಟು ಇದ್ದುದರಿಂದ ಇದೂ ಒಬ್ಬನ ಕೆಲಸವೇ ಆಯಿತು.

ಯುವಮಿತ್ರರೇ, ನಿಮ್ಮಲ್ಲಿ ಕೆಲವರು ಈಗಾಗಲೇ ಇಂಥ ಗಾಡಿಗಳನ್ನು ಕೊಂಡು ಸ್ವಂತ ದುಡಿಮೆಗೆ ಇಳಿದಿದ್ದೀರಿ. ಇನ್ನು ಕೆಲವರು ಇಳಿಯುವ ಯೋಚನೆಯಲ್ಲಿದ್ದೀರಿ. ಹೊದಿಕೆ ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ನನ್ನ ಸರಕಿಗೆ ನೀರು ವೈರಿಯೋ, ಬೇಗೆ ವೈರಿಯೋ? ಸರಕು ಹಲಗೆಯ ಮೇಲೆ ಎಷ್ಟು ಏರುತ್ತದೆ? ನಡುರಾತ್ರಿ ಮಳೆಯಲ್ಲಿ, ಜೊತೆಗೆ ಯಾರೂ ಇಲ್ಲದಾಗ, ಇದನ್ನು ನಾನೊಬ್ಬನೇ ಹೊದಿಸಿ ಕಟ್ಟಬಲ್ಲೆನೆ? ಮೂರನೆಯದಕ್ಕೆ ಹೌದೆನ್ನಲು ಆಗದಿದ್ದರೆ ಎಷ್ಟೇ ಗಟ್ಟಿಯಾದ ಹೊದಿಕೆಯೂ ನಿಮ್ಮದಲ್ಲ. ಕೊಂಡ ಮೇಲೆ ಮಳೆಗಾಲ ಮುಗಿದಾಗ ತೊಳೆದು, ನೆರಳಲ್ಲಿ ಒಣಗಿಸಿ, ಇಲಿಗೆ ಸಿಗದಂತೆ ಎತ್ತಿಡಿ.

ನನ್ನ ತಂಗಿಯ ಬಳೆಗಳು ಆ ವರ್ಷ ದಸರೆಯ ಮೊದಲೇ ಮನೆಗೆ ಬಂದವು. ಹುಡುಗನ ಗಾಡಿ ಈಗಲೂ ವಾರಕ್ಕೊಮ್ಮೆ ಸಂಕೇಶ್ವರಕ್ಕೆ ಹೋಗುತ್ತದೆ. ಆ ದಾರಿಯಲ್ಲಿ ಎಂದಾದರೂ ನಿಮಗೆ ಸದ್ದಿಲ್ಲದೆ ಸಾಗುವ ತಾಡಪತ್ರಿ ಹೊದ್ದ ಪಿಕಪ್ಪೊಂದು ಕಂಡರೆ, ಢಾಬಾದಲ್ಲಿ ನಿಲ್ಲಿಸಿ ಕನ್ನಡದಲ್ಲಿ ಮಾತಾಡಿಸಿ. ಗಂಟು ಹಾಕುವುದನ್ನು ಅವನೇ ಕಲಿಸಿಕೊಡುತ್ತಾನೆ.